ಕುಡಿ ಚಿವುಟುವ ಕೈ: ನಾಲವಾರ ಸೀಮೆಯ ಕೃಷಿ ಜಾನಪದ ಮತ್ತು ಸಸ್ಯಚೋದಕಗಳ ಗ್ರಾಹಕ ವ್ಯವಸ್ಥೆ

ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ನಾಲವಾರವು ಕೋರಿಸಿದ್ಧೇಶ್ವರ ಮಠದ ಕಾರಣದಿಂದ ಭಕ್ತರಿಗೂ, ಭೀಮಾ ತೀರದ ಸನ್ನತಿಗೆ ಹೋಗುವವರು ಇಳಿದುಕೊಳ್ಳುವ ರೈಲು ನಿಲ್ದಾಣವೆಂಬ ಕಾರಣದಿಂದ ಇತಿಹಾಸದ ವಿದ್ಯಾರ್ಥಿಗಳಿಗೂ ಪರಿಚಿತವಾದ ಊರು. ಇದರ ಸುತ್ತಲಿನ ವಾಡಿ, ಶಹಾಬಾದ, ಚಿತ್ತಾಪುರ, ಸೇಡಂ ಭಾಗಗಳ ನೆಲದಡಿ ಸುಣ್ಣಕಲ್ಲಿನ ಹಾಸು ಇದೆ. ಆ ಕಲ್ಲು ಫರಸಿಯಾಗಿ, ಸಿಮೆಂಟಾಗಿ ಹೊರನಾಡುಗಳಿಗೆ ಹೋಗುತ್ತದೆ. ಕಲ್ಲಿನ ಮೇಲಿನ ಎರೆಮಣ್ಣು ಊರಿನವರ ಪಾಲಿಗೆ ಉಳಿಯುತ್ತದೆ. ಮುಂಗಾರಿಗೆ ತೊಗರಿ, ಹೆಸರು, ಉದ್ದು. ಹಿಂಗಾರಿಗೆ ಜೋಳ, ಕಡಲೆ, ಕುಸುಬೆ. ೨೦೧೯ರಲ್ಲಿ ಕಲಬುರಗಿಯ ತೊಗರಿ ಬೇಳೆಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತ ಮೇಲೆ 'ತೊಗರಿಯ ಕಣಜ' ಎಂಬ ರೂಢಿಯ ಮಾತಿಗೆ ಕಾನೂನಿನ ಮುದ್ರೆಯೂ ಬಿದ್ದಂತಾಗಿದೆ.

ಈ ಸೀಮೆಯಲ್ಲಿ ಹಿಂಗಾರಿ ಕಡಲೆ ಗೇಣುದ್ದ ಎದ್ದಾಗ ಹೆಣ್ಣುಮಕ್ಕಳು ಹೊಲಕ್ಕೆ ಹೋಗಿ ಎಳೆಯ ಕುಡಿಗಳನ್ನು ಚಿವುಟಿ ಉಡಿಯಲ್ಲಿ ತುಂಬಿಕೊಂಡು ಬರುತ್ತಾರೆ. ಅದೇ ಕಡ್ಲಿ ಪಲ್ಯೆ. ಹಸಿಯದನ್ನು ಬೇಳೆಯೊಡನೆ ಬೇಯಿಸುವುದುಂಟು. ಮಿಕ್ಕಿದ್ದನ್ನು ಒಣಗಿಸಿ ಬೇಸಿಗೆಗೆ ಕಾದಿಡುವುದೂ ಉಂಟು. ಎಲೆಯ ಮೇಲೆ ತಾನಾಗಿ ಕೂಡುವ ಹುಳಿ ಈ ಪಲ್ಯೆಗೆ ರುಚಿ ಕೊಡುತ್ತದೆ. ಚಿವುಟುವುದಕ್ಕೆ ಬರೆದಿಡದ ಕಟ್ಟಳೆಗಳಿವೆ. ಹೆಬ್ಬೆರಳು ತೋರುಬೆರಳುಗಳ ನಡುವೆ ಸದ್ದಿಲ್ಲದೆ ಮುರಿಯುವಷ್ಟು ಎಳೆಯದನ್ನೇ ತೆಗೆಯಬೇಕು. ಜಗ್ಗಬಾರದು, ಜಗ್ಗಿದರೆ ಬೇರು ಸಡಿಲವಾಗುತ್ತದೆ. ಹೂ ಕಾಣಿಸಿಕೊಂಡ ಮೇಲೆ ಗಿಡಕ್ಕೆ ಕೈ ಹಚ್ಚಬಾರದು. ಹೊಲದ ಒಡೆಯನೂ ಇದಕ್ಕೆ ಅಡ್ಡಿ ಮಾಡುವುದಿಲ್ಲ. ಚಿವುಟಿದಷ್ಟೂ ಗಿಡ ಒಡೆಯುತ್ತದೆ, ಟೊಂಗೆ ಹೆಚ್ಚಾದರೆ ಕಾಯಿ ಹೆಚ್ಚಾಗುತ್ತದೆ ಎಂಬುದು ಅವನಿಗೂ ಗೊತ್ತು. ಅಡುಗೆಮನೆಯ ಅಗತ್ಯವೂ ಹೊಲದ ಹಿತವೂ ಒಂದೇ ಉಗುರಿನ ತುದಿಯಲ್ಲಿ ಕೂಡಿಕೊಳ್ಳುವ ಇಂಥ ಸಂದರ್ಭಗಳು ಕೃಷಿ ಜಾನಪದದಲ್ಲಿ ಹೆಚ್ಚಿಲ್ಲ.

ತೊಗರಿಯ ಕುಡಿ ಚಿವುಟುವುದು ಇದರ ಸೋದರ ಕ್ರಿಯೆ. ಬಿತ್ತಿದ ಸುಮಾರು ಒಂದೂವರೆ ತಿಂಗಳಿನಿಂದ ಎರಡು ತಿಂಗಳೊಳಗೆ ಗಿಡದ ತುದಿಯ ಎರಡು ಮೂರು ಅಂಗುಲವನ್ನು ತೆಗೆದುಹಾಕಬೇಕೆಂದು ಕೃಷಿ ವಿಜ್ಞಾನಿಗಳು ಶಿಫಾರಸು ಮಾಡುತ್ತಾರೆ. ಈಚಿನ ವರ್ಷಗಳಲ್ಲಿ ಇದಕ್ಕೆ ಬ್ಯಾಟರಿಯಿಂದ ನಡೆಯುವ ಕೈಯಂತ್ರಗಳೂ ಬಂದಿವೆ. ಕಡಲೆಯಲ್ಲಿ ಊಟದ ನೆಪದಿಂದ ನಡೆದುಬಂದದ್ದು ತೊಗರಿಯಲ್ಲಿ ಇಳುವರಿಯ ಲೆಕ್ಕದಿಂದ ನಡೆಯುತ್ತದೆ. ಉದ್ದೇಶ ಬೇರೆಯಾದರೂ ಗಿಡದೊಳಗೆ ಆಗುವುದು ಒಂದೇ. ಅದು ಏನು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ. ಉತ್ತರ ಕರ್ನಾಟಕದ ಜಾನಪದ ಸಂಗ್ರಹಕಾರರು ಹಂತಿಯ ಪದ, ಬೀಸುವ ಪದಗಳನ್ನು ಶ್ರದ್ಧೆಯಿಂದ ಕೂಡಿಹಾಕಿದ್ದಾರೆ. ಆದರೆ ಹಾಡಿಲ್ಲದೆ ನಡೆಯುವ ಕೆಲಸಗಳು, ಅಂದರೆ ಕೈ ಮಾತ್ರ ಬಲ್ಲ ತಿಳಿವಳಿಕೆ, ನಮ್ಮ ಸಂಪುಟಗಳಲ್ಲಿ ಅಷ್ಟಾಗಿ ದಾಖಲಾಗಿಲ್ಲ. ಕುಡಿ ಚಿವುಟುವುದು ಅಂಥ ಒಂದು ಮೂಕ ವಿದ್ಯೆ.

ತುದಿಯ ಒಡೆತನ

ಗಿಡದ ಪ್ರತಿಯೊಂದು ಎಲೆಯ ಕಂಕುಳಲ್ಲಿ ಒಂದು ಮೊಗ್ಗು ಅಡಗಿರುತ್ತದೆ. ಅದು ಟೊಂಗೆಯಾಗಬಲ್ಲದು, ಆದರೆ ತುದಿ ಇರುವತನಕ ಬಹುಮಟ್ಟಿಗೆ ಮಲಗಿಯೇ ಇರುತ್ತದೆ. ತುದಿ ಹೋದೊಡನೆ ಏಳುತ್ತದೆ. ಸಸ್ಯವಿಜ್ಞಾನದಲ್ಲಿ ಇದಕ್ಕೆ ತುದಿಯ ಪ್ರಾಬಲ್ಯ ಎಂದು ಹೆಸರು. ಎಲ್ಲೋ ಮೇಲಿರುವ ತುದಿ ಕೆಳಗಿನ ಮೊಗ್ಗನ್ನು ಮುಟ್ಟದೆಯೇ ಹೇಗೆ ತಡೆಯುತ್ತದೆ ಎಂಬ ಪ್ರಶ್ನೆಯಿಂದಲೇ ಸಸ್ಯಚೋದಕಗಳ ಅಧ್ಯಯನದ ಒಂದು ಮುಖ್ಯ ಧಾರೆ ಬೆಳೆಯಿತು.

ಚಾರ್ಲ್ಸ್ ಡಾರ್ವಿನ್ ಮತ್ತು ಆತನ ಮಗ ಫ್ರಾನ್ಸಿಸ್ ೧೮೮೦ರಲ್ಲಿ ಸಸ್ಯಗಳ ಚಲನೆಯನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ ಹುಲ್ಲಿನ ಮೊಳಕೆ ಬೆಳಕಿನ ಕಡೆ ಬಾಗುವ ಬಗೆಯನ್ನು ಪರೀಕ್ಷಿಸಿದ್ದರು. ಬೆಳಕನ್ನು ಅರಿಯುವುದು ತುದಿ, ಬಾಗುವುದು ಅದರ ಕೆಳಗಿನ ಭಾಗ; ಆದ್ದರಿಂದ ತುದಿಯಿಂದ ಕೆಳಕ್ಕೆ ಯಾವುದೋ ಪ್ರಭಾವ ಸಾಗುತ್ತಿರಬೇಕು ಎಂಬುದು ಅವರ ತೀರ್ಮಾನ. ೧೯೨೦ರ ದಶಕದ ಕೊನೆಗೆ ಹಾಲೆಂಡಿನ ಫ್ರಿಟ್ಸ್ ವೆಂಟ್ ಓಟ್ಸ್ ಮೊಳಕೆಯ ತುದಿಗಳನ್ನು ಕತ್ತರಿಸಿ ಅಗರ್ ಎಂಬ ಲೋಳೆಯ ತುಣುಕಿನ ಮೇಲೆ ಇರಿಸಿದನು. ಬಳಿಕ ತುದಿಯಿಲ್ಲದ ಮೊಳಕೆಯ ಒಂದು ಪಕ್ಕಕ್ಕೆ ಆ ತುಣುಕನ್ನಿಟ್ಟಾಗ ಮೊಳಕೆ ಕತ್ತಲಲ್ಲಿಯೂ ಬಾಗಿತು. ಪ್ರಭಾವವೆಂದುಕೊಂಡದ್ದು ಒಂದು ವಸ್ತು ಎಂಬುದು ಇದರಿಂದ ಸ್ಥಿರವಾಯಿತು. 'ಬೆಳೆ' ಎಂಬ ಅರ್ಥದ ಗ್ರೀಕ್ ಧಾತುವಿನಿಂದ ಅದಕ್ಕೆ ಆಕ್ಸಿನ್ ಎಂಬ ಹೆಸರು ಬಂದಿತು. ೧೯೩೦ರ ದಶಕದಲ್ಲಿ ಥಿಮನ್ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು ಅವರೆಯ ಜಾತಿಯ ಗಿಡವೊಂದರ ತುದಿ ಚಿವುಟಿ, ಗಾಯದ ಮೇಲೆ ಆಕ್ಸಿನ್ ಹಚ್ಚಿದರು. ಕಂಕುಳ ಮೊಗ್ಗುಗಳು ಏಳಲಿಲ್ಲ. ಕಡ್ಲಿ ಪಲ್ಯೆಯ ಕ್ರಿಯೆಯನ್ನೇ ಪ್ರಯೋಗಶಾಲೆಯಲ್ಲಿ ತಿರುವುಮುರುವಾಗಿ ಮಾಡಿದಂತಾಯಿತು ಇದು.

ಹೇಳುವುದು ಮತ್ತು ಕೇಳಿಸಿಕೊಳ್ಳುವುದು

ಇಲ್ಲಿ ಒಂದು ವಿಚಿತ್ರವಿದೆ. ಆಕ್ಸಿನ್ ಬೆಳೆಸುವ ವಸ್ತು; ಹಾಗಿದ್ದೂ ಕಂಕುಳ ಮೊಗ್ಗನ್ನು ತಡೆಯುತ್ತದೆ. ಅದೇ ವಸ್ತು ಕಾಂಡದ ಜೀವಕೋಶವನ್ನು ಉದ್ದವಾಗಿಸುತ್ತದೆ, ಬೇರಿನ ತುದಿಯಲ್ಲಿ ಅದೇ ಪ್ರಮಾಣದಲ್ಲಿದ್ದರೆ ಉದ್ದವಾಗುವುದನ್ನು ತಡೆಯುತ್ತದೆ, ಕತ್ತರಿಸಿದ ಕಡ್ಡಿಯಲ್ಲಿ ಹೊಸ ಬೇರು ಮೂಡಿಸುತ್ತದೆ. ಚೋದಕವನ್ನು ಬಲ ಅಥವಾ ಆಹಾರ ಎಂದು ತಿಳಿದರೆ ಈ ವೈರುಧ್ಯ ಬಿಡಿಸಲಾಗದು. ಚೋದಕವೆಂಬುದು ಒಂದು ಸುದ್ದಿ ಮಾತ್ರ. ಸುದ್ದಿ ಏನಾಗುತ್ತದೆಂಬುದು ಅದನ್ನು ಕೇಳಿಸಿಕೊಳ್ಳುವ ಜೀವಕೋಶವನ್ನು ಅವಲಂಬಿಸಿದೆ. ಕೇಳಿಸಿಕೊಳ್ಳುವ ಅಂಗವೇ ಗ್ರಾಹಕ. ಅದು ಒಂದು ಪ್ರೋಟೀನು. ತನಗೆ ಹೊಂದುವ ಚೋದಕದ ಅಣುವನ್ನು ಮಾತ್ರ ಹಿಡಿದುಕೊಳ್ಳುವ ಗೂಡು ಅದರಲ್ಲಿರುತ್ತದೆ.

ಆಕ್ಸಿನ್ನಿನ ಗ್ರಾಹಕವನ್ನು ಗುರುತಿಸಲು ವೆಂಟನ ಪ್ರಯೋಗದ ನಂತರ ಮುಕ್ಕಾಲು ಶತಮಾನ ಬೇಕಾಯಿತು. ೨೦೦೫ರಲ್ಲಿ ಅಮೆರಿಕದ ಒಂದು ತಂಡ, ಇಂಗ್ಲೆಂಡಿನ ಇನ್ನೊಂದು ತಂಡ ಏಕಕಾಲಕ್ಕೆ 'ಟಿರ್-೧' ಎಂಬ ಪ್ರೋಟೀನನ್ನು ಗ್ರಾಹಕವೆಂದು ತೋರಿಸಿದವು; ೨೦೦೭ರಲ್ಲಿ ಅದರ ಆಕಾರವೂ ತಿಳಿಯಿತು. ಜೀವಕೋಶದ ಕೇಂದ್ರದಲ್ಲಿ, ಬೆಳವಣಿಗೆಗೆ ಬೇಕಾದ ವಂಶವಾಹಿಗಳ ಮೇಲೆ ಕೆಲವು ತಡೆಗಾರ ಪ್ರೋಟೀನುಗಳು ಕುಳಿತಿರುತ್ತವೆ. ಆಕ್ಸಿನ್ ಬಂದು ಟಿರ್-೧ರ ಗೂಡಿನಲ್ಲಿ ಕೂಡುತ್ತದೆ. ಆಗ ಆ ಗೂಡು ತಡೆಗಾರ ಪ್ರೋಟೀನನ್ನು ಬಲವಾಗಿ ಅಂಟಿಸಿಕೊಳ್ಳುತ್ತದೆ. ಅಂಟಿದ ತಡೆಗಾರನಿಗೆ ನಾಶದ ಗುರುತು ಬೀಳುತ್ತದೆ. ಜೀವಕೋಶದ ಚೂರುಯಂತ್ರ ಅದನ್ನು ಒಡೆದುಹಾಕುತ್ತದೆ. ತಡೆ ಹೋದ ವಂಶವಾಹಿ ಕೆಲಸಕ್ಕೆ ತೊಡಗುತ್ತದೆ. ಅಂದರೆ ಆಕ್ಸಿನ್ ಯಾವುದನ್ನೂ ತಾನಾಗಿ ಬೆಳೆಸುವುದಿಲ್ಲ, ಅಡ್ಡಿಯಾಗಿದ್ದುದನ್ನು ತೆಗೆಸುತ್ತದೆ ಅಷ್ಟೆ.

ಚೋದಕ–ಗ್ರಾಹಕಗಳ ಸಂಬಂಧವನ್ನು ಪಠ್ಯಪುಸ್ತಕಗಳು ಬೀಗ ಮತ್ತು ಬೀಗದ ಕೈಗೆ ಹೋಲಿಸುತ್ತವೆ. ಕಲಬುರಗಿ ಕಡೆಯ ಮಾತಿನಲ್ಲಿ ಹೇಳುವುದಾದರೆ ಕೀಲಿ ಮತ್ತು ಕೀಲಿಕೈ. ಆಕ್ಸಿನ್ನಿನ ಮಟ್ಟಿಗೆ ಈ ಹೋಲಿಕೆ ಅರ್ಧ ಮಾತ್ರ ಸರಿ. ಇಲ್ಲಿ ಅಣುವು ಎರಡು ಪ್ರೋಟೀನುಗಳ ನಡುವೆ ನಿಂತು ಅವೆರಡನ್ನೂ ಕೂಡಿಸುತ್ತದೆ. ಬೀಗ ತೆರೆಯುವವನಿಗಿಂತ ಎರಡು ಮನೆಗಳನ್ನು ಬೀಗರಾಗಿಸುವ ನಡುವಿನ ಹಿರಿಯನಿಗೆ ಅದು ಹತ್ತಿರ.

ಎಲ್ಲ ಗ್ರಾಹಕಗಳೂ ಹೀಗೆ ಕೋಶದ ಕೇಂದ್ರದಲ್ಲಿರುವುದಿಲ್ಲ. ಮನುಷ್ಯ ಮತ್ತು ಪ್ರಾಣಿಗಳ ಬೆಳವಣಿಗೆಯ ಅಂಶಗಳು ದೊಡ್ಡ ಅಣುಗಳು. ಅವು ಕೋಶದ ಪೊರೆಯನ್ನು ದಾಟಲಾರವು. ಚರ್ಮದ ಮೇಲ್ಪದರ ಬೆಳೆಯಲು ಪ್ರೇರಿಸುವ ಅಂಶವನ್ನು ಸ್ಟ್ಯಾನ್ಲಿ ಕೋಹೆನ್, ನರಕೋಶಗಳ ಬೆಳವಣಿಗೆಯ ಅಂಶವನ್ನು ರೀಟಾ ಲೆವಿ-ಮೊಂಟಾಲ್ಚಿನಿ ಕಂಡುಹಿಡಿದು ೧೯೮೬ರ ನೊಬೆಲ್ ಬಹುಮಾನವನ್ನು ಹಂಚಿಕೊಂಡರು. ಇವುಗಳ ಗ್ರಾಹಕ ಪೊರೆಯ ಮೇಲೆ ನಿಂತಿರುತ್ತದೆ. ಹೊರಗೆ ಅಂಶ ಅಂಟಿದೊಡನೆ ಗ್ರಾಹಕಗಳು ಜೋಡಿಯಾಗಿ, ಒಳಭಾಗದಲ್ಲಿ ಒಂದಕ್ಕೊಂದು ಫಾಸ್ಫೇಟನ್ನು ಕೂಡಿಸುತ್ತವೆ. ಆ ಗುರುತು ಕೈಯಿಂದ ಕೈಗೆ ಸಾಗಿ ಕೋಶಕೇಂದ್ರ ತಲುಪುತ್ತದೆ. ಈ ಗ್ರಾಹಕ ಕೆಟ್ಟು, ಸುದ್ದಿ ಬಾರದಿದ್ದರೂ ಬಂದಂತೆ ವರ್ತಿಸಿದರೆ ಕೋಶಗಳು ಮಿತಿಯಿಲ್ಲದೆ ಒಡೆಯುತ್ತವೆ. ಕೆಲವು ಬಗೆಯ ಕ್ಯಾನ್ಸರಿನ ಬುಡ ಇಲ್ಲಿದೆ. ಸಸ್ಯಗಳಲ್ಲಿಯೂ ಪೊರೆಯ ಮೇಲಿನ ಗ್ರಾಹಕಗಳುಂಟು. ಬ್ರಾಸಿನೊಸ್ಟಿರಾಯ್ಡ್ ಎಂಬ ಚೋದಕವನ್ನು ಹಿಡಿಯುವ ಗ್ರಾಹಕ ಹೆಚ್ಚುಕಡಿಮೆ ಇದೇ ರೀತಿ ಕೆಲಸ ಮಾಡುತ್ತದೆ.

ಇನ್ನು ಚಿವುಟಿದ ಗಿಡಕ್ಕೆ ಮರಳಬಹುದು. ಆಕ್ಸಿನ್ ಕಂಕುಳ ಮೊಗ್ಗಿನೊಳಗೆ ಹೋಗಿ ತಡೆಯುವುದಿಲ್ಲ. ಅದು ಇಬ್ಬರು ಮಧ್ಯಸ್ಥರ ಮೂಲಕ ಆಡಳಿತ ನಡೆಸುತ್ತದೆ. ಒಂದು ಸೈಟೊಕೈನಿನ್, ಇದು ಮೊಗ್ಗನ್ನು ಎಬ್ಬಿಸುವ ಚೋದಕ. ಆಕ್ಸಿನ್ ಇದರ ಉತ್ಪಾದನೆಯನ್ನು ಕಾಂಡದಲ್ಲಿ ಅಡಗಿಸುತ್ತದೆ. ಎರಡನೆಯದು ಸ್ಟ್ರಿಗೊಲ್ಯಾಕ್ಟೋನ್, ಇದು ಮೊಗ್ಗನ್ನು ಮಲಗಿಸುವಂಥದು, ಆಕ್ಸಿನ್ ಇದನ್ನು ಹೆಚ್ಚಿಸುತ್ತದೆ. ಕುಡಿ ಹೋದರೆ ಎರಡೂ ಲೆಕ್ಕ ಬದಲಾಗುತ್ತವೆ. ಇದರೊಡನೆ ಇನ್ನೊಂದು ಸಂಗತಿ ೨೦೧೪ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರಿಂದ ಬೆಳಕಿಗೆ ಬಂದಿತು. ಬಟಾಣಿ ಗಿಡದ ತುದಿ ಕತ್ತರಿಸಿದಾಗ ದೂರದ ಮೊಗ್ಗುಗಳು ಬಹಳ ಬೇಗ ಏಳುತ್ತವೆ. ಕಾಂಡದಲ್ಲಿ ಆಕ್ಸಿನ್ ಸಾಗುವ ವೇಗ ಗಂಟೆಗೆ ಒಂದು ಸೆಂಟಿಮೀಟರಿನ ಆಸುಪಾಸು. ಅದರ ಕೊರತೆ ಅಲ್ಲಿಗೆ ತಲುಪುವ ಮೊದಲೇ ಮೊಗ್ಗು ಎದ್ದಿರುತ್ತದೆ. ಮೊದಲು ತಲುಪುವುದು ಸಕ್ಕರೆ. ತುದಿ ಉಣ್ಣುತ್ತಿದ್ದ ಸಕ್ಕರೆ, ತುದಿ ಇಲ್ಲವಾದಾಗ ಮೊಗ್ಗುಗಳ ಪಾಲಾಗುತ್ತದೆ. ಅಂತೂ ಆಕ್ಸಿನ್ ಒಂದೇ ದೊರೆಯೆಂಬ ಹಳೆಯ ವಿವರಣೆ ಸಡಿಲಗೊಂಡಿದೆ. ಹಂಚಿಕೆಯೂ ಆಜ್ಞೆಯೂ ಕೂಡಿ ನಡೆಸುವ ವ್ಯವಹಾರ ಇದು.

ಸ್ಟ್ರಿಗೊಲ್ಯಾಕ್ಟೋನಿನ ಕತೆ ಈ ಸೀಮೆಗೆ ಇನ್ನೂ ಹತ್ತಿರದ್ದು. ಜೋಳದ ಬೇರಿಗೆ ಅಂಟಿಕೊಂಡು ಅದರ ಸಾರ ಹೀರುವ ಸ್ಟ್ರೈಗಾ ಎಂಬ ಕಳೆ ಎರಡು ಖಂಡಗಳ ಜೋಳ ಬೆಳೆಗಾರರಿಗೆ ಶತ್ರು. ಅದರ ಬೀಜ ಧೂಳಿನಷ್ಟು ಸಣ್ಣದು. ಆಸರೆಯ ಬೇರು ಸಮೀಪ ಬಂದಾಗ ಮಾತ್ರ ಮೊಳೆಯುತ್ತದೆ. ಬೇರು ಬಂದಿತೆಂದು ಅದಕ್ಕೆ ಹೇಳುವವರಾರು? ೧೯೬೬ರಲ್ಲಿ ಹತ್ತಿಯ ಬೇರಿನಿಂದ ಪ್ರತ್ಯೇಕಿಸಿದ ಒಂದು ವಸ್ತು ಈ ಬೀಜವನ್ನು ಮೊಳೆಯಿಸಿತು. ಕಳೆಯ ಹೆಸರಿನಿಂದಲೇ ಅದನ್ನು ಸ್ಟ್ರಿಗೋಲ್ ಎಂದು ಕರೆದರು. ಈ ಗುಂಪಿನ ವಸ್ತುಗಳೇ ಗಿಡದೊಳಗೆ ಟೊಂಗೆಯನ್ನು ತಡೆಯುವ ಚೋದಕವೆಂಬುದು ತಿಳಿದದ್ದು ೨೦೦೮ರಲ್ಲಿ. ಇದರ ಗ್ರಾಹಕ ಇನ್ನೂ ಸೋಜಿಗದ್ದು: ತಾನು ಹಿಡಿದ ಚೋದಕವನ್ನು ತಾನೇ ಕತ್ತರಿಸಿಬಿಡುತ್ತದೆ. ಗಿಡ ತನ್ನ ಮನೆಯೊಳಗಿನ ಮಾತನ್ನು ಬೇರಿನ ಮೂಲಕ ಮಣ್ಣಿಗೂ ಬಿಟ್ಟಿದೆ. ಕಳೆ ಆ ಮಾತಿಗೆ ಕಿವಿಗೊಡುವ ಗ್ರಾಹಕಗಳನ್ನು ಬೆಳೆಸಿಕೊಂಡು ಹೊಂಚುಹಾಕಿದೆ. ಹತ್ತಿಯ ಬೇರೂ ಅದೇ ಮಾತನ್ನು ಆಡುತ್ತದೆ, ಆದರೆ ಕಳೆಗೆ ಆಸರೆ ಕೊಡುವುದಿಲ್ಲ. ಹತ್ತಿಯ ಹೊಲದಲ್ಲಿ ಮೊಳೆತ ಸ್ಟ್ರೈಗಾ ಹಸಿದು ಸಾಯುತ್ತದೆ. ಜೋಳದ ಹೊಲಕ್ಕೆ ವರ್ಷ ಬಿಟ್ಟು ಬೇರೆ ಪೈರು ಹಾಕುವ ರೂಢಿಗೆ ಇರುವ ಹಲವು ಸಮರ್ಥನೆಗಳಲ್ಲಿ ಇದೂ ಒಂದಾಗಬಲ್ಲದು.

ಹದ

ಕೃಷಿ ಜಾನಪದದಲ್ಲಿ ಈ ಎಲ್ಲ ವಿಷಯಕ್ಕೆ ಸಂವಾದಿಯಾದ ಒಂದು ಪದವನ್ನು ಹುಡುಕುವುದಾದರೆ ಅದು 'ಹದ'. ನೆಲಕ್ಕೆ ಹದವಿದೆ, ಹಿಟ್ಟಿಗೆ ಹದವಿದೆ, ಪಾಕಕ್ಕೆ ಹದವಿದೆ, ಕುಡಿಗೂ ಇದೆ. ಹದವೆಂದರೆ ವಸ್ತುವಿನಲ್ಲಿರುವ ಬಲವಲ್ಲ. ಕೊಟ್ಟದ್ದನ್ನು ಸ್ವೀಕರಿಸುವ ಸಿದ್ಧತೆ. ಮಳೆ ಎಷ್ಟೇ ಬಂದರೂ ಹದ ತಪ್ಪಿದ ನೆಲದಲ್ಲಿ ಕೂರಿಗೆ ಹೂಡುವುದಿಲ್ಲ. ಶೀಗಿ ಹುಣ್ಣಿಮೆಯಲ್ಲಿ ಪೈರನ್ನು ಬಸುರಿಯೆಂದು ಬಗೆದು ಭೂಮಿಗೆ ಬಯಕೆಯ ಊಟ ನೀಡುವ, ಎಳ್ಳಮಾಸಿಯಲ್ಲಿ ಚರಗ ಚೆಲ್ಲುವ ಆಚರಣೆಗಳ ಹಿಂದೆಯೂ ಇದೇ ಗ್ರಹಿಕೆ ಇದೆ: ಪೈರಿಗೆ ಹಂತಗಳಿವೆ, ಒಂದು ಹಂತದಲ್ಲಿ ಸಲ್ಲುವುದು ಇನ್ನೊಂದರಲ್ಲಿ ಸಲ್ಲದು. ಹೂ ಕಂಡ ಮೇಲೆ ಕಡಲೆಗೆ ಕೈ ಹಚ್ಚಬಾರದೆಂಬ ಕಟ್ಟಳೆ ಈ ಗ್ರಹಿಕೆಯ ಕೂಸು. ಅಷ್ಟು ಹೊತ್ತಿಗೆ ಗಿಡದ ಸಕ್ಕರೆಯ ಹಂಚಿಕೆ ಕಾಯಿಯ ಕಡೆ ತಿರುಗಿರುತ್ತದೆ. ಆಗ ಮೂಡಿದ ಟೊಂಗೆಗೆ ಹೂ ಕಟ್ಟಿ ಕಾಯಿ ಬಲಿಯಲು ಕಾಲ ಉಳಿದಿರುವುದಿಲ್ಲ, ಎರೆಮಣ್ಣಿನ ಹಸಿಯೂ ಆರುತ್ತಿರುತ್ತದೆ.

ಹೀಗೆಂದ ಮಾತ್ರಕ್ಕೆ ಜನಪದರಿಗೆ ಗ್ರಾಹಕಗಳು ಗೊತ್ತಿದ್ದವು ಎನ್ನುವ ಉತ್ಸಾಹ ಸಲ್ಲದು. ಅಂಥ ಉತ್ಸಾಹ ಜಾನಪದಕ್ಕೂ ವಿಜ್ಞಾನಕ್ಕೂ ಅಗೌರವ. ಕೈ ಬಲ್ಲದ್ದು ಫಲವನ್ನು, ಕಾರಣವನ್ನಲ್ಲ. ಆದರೆ ಕಾರಣ ತಿಳಿದವರು ಮರೆತುಬಿಡಬಹುದಾದ ಒಂದನ್ನು ಕೈ ಮರೆತಿರಲಿಲ್ಲ. ಕೊಡುವುದಕ್ಕಿಂತ ಕೊಳ್ಳುವವನ ಸ್ಥಿತಿ ಮುಖ್ಯವೆಂಬುದು ಅದು.

ಈ ಮಾತು ಕೇವಲ ಪಾರಿಭಾಷಿಕ ಚರ್ಚೆಯಲ್ಲ. ತೊಗರಿ ಹೂ ಬಿಡುವ ಹೊತ್ತಿಗೆ ಮೋಡ, ಮಂಜು ಕವಿದರೆ ಹೂಗಳು ರಾಶಿಯಾಗಿ ಉದುರುತ್ತವೆ. ಹೂವಿನ ತೊಟ್ಟಿನ ಬುಡದಲ್ಲಿ ಕಳಚುವ ಪದರವೊಂದಿದ್ದು, ಅದು ಸಡಿಲವಾಗಲು ಎಥಿಲೀನ್ ಎಂಬ ಅನಿಲರೂಪದ ಚೋದಕ ಕಾರಣ. ತೊಟ್ಟಿನ ಮೂಲಕ ಆಕ್ಸಿನ್ ಹರಿಯುತ್ತಿರುವವರೆಗೆ ಆ ಪದರ ಎಥಿಲೀನಿಗೆ ಕಿವಿಗೊಡುವುದಿಲ್ಲ. ಎಥಿಲೀನಿನ ಗ್ರಾಹಕದ ನಡತೆಯೂ ತಿರುವುಮುರುವು. ಚೋದಕ ಇಲ್ಲದಿರುವಾಗ ಅದು ದುಡಿಯುತ್ತ ತಡೆ ಹಾಕಿರುತ್ತದೆ, ಚೋದಕ ಬಂದಾಗ ಸುಮ್ಮನಾಗುತ್ತದೆ. ಹೂ ನಿಲ್ಲಿಸಲೆಂದು ರೈತರು ಎನ್.ಎ.ಎ. ಎಂಬ ಕೃತಕ ಆಕ್ಸಿನ್ ಸಿಂಪಡಿಸುವುದುಂಟು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ರೂಪಿಸಿದ 'ಪಲ್ಸ್ ಮ್ಯಾಜಿಕ್' ಎಂಬ ಮಿಶ್ರಣದಲ್ಲಿಯೂ ಪೋಷಕಾಂಶಗಳ ಜತೆಗೆ ಅತ್ಯಲ್ಪ ಪ್ರಮಾಣದ ಬೆಳವಣಿಗೆಯ ನಿಯಂತ್ರಕ ಸೇರಿದೆ. ಹೇಳಿದ ಹಂತದಲ್ಲಿ, ಹೇಳಿದ ಅಳತೆಯಲ್ಲಿ ಇವು ಉಪಯುಕ್ತ. ತೊಡಕಿರುವುದು ಇವೆಲ್ಲಕ್ಕೂ ಅಂಗಡಿಯ ಭಾಷೆಯಲ್ಲಿ ಬಿದ್ದಿರುವ 'ಟಾನಿಕ್' ಎಂಬ ಹೆಸರಿನಲ್ಲಿ. ಟಾನಿಕ್ ಎಂದರೆ ಶಕ್ತಿ, ಶಕ್ತಿ ಹೆಚ್ಚಿದಷ್ಟೂ ಒಳ್ಳೆಯದು ಎಂಬ ಅರ್ಥ ಅದರ ಬೆನ್ನಿಗೇ ಬರುತ್ತದೆ. ಎನ್.ಎ.ಎ.ಯನ್ನು ಸೇಬಿನ ತೋಟಗಳಲ್ಲಿ ಕಾಯಿ ಉದುರದಿರಲೆಂದೂ ಬಳಸುತ್ತಾರೆ, ಕಾಲ ಬೇರೆಯಾದರೆ ಎಳೆಗಾಯಿಗಳನ್ನು ಉದುರಿಸಲೆಂದೂ ಬಳಸುತ್ತಾರೆ. ಸುದ್ದಿಯನ್ನು ಅನ್ನವೆಂದು ತಿಳಿದವನಿಗೆ ಇದು ಅರ್ಥವಾಗುವುದಿಲ್ಲ.

ಇದರ ಘೋರ ರೂಪ ೨,೪-ಡಿ ಎಂಬ ಕಳೆನಾಶಕ. ಇದೂ ಕೃತಕ ಆಕ್ಸಿನ್. ಟಿರ್-೧ ಮತ್ತು ಅದರ ಬಳಗದ ಗ್ರಾಹಕಗಳನ್ನೇ ಹೊಕ್ಕು ಕೂಡುತ್ತದೆ. ಗಿಡ ತನ್ನ ಸ್ವಂತ ಆಕ್ಸಿನ್ನನ್ನು ಬೇಡವಾದಾಗ ಬೇಗ ಕರಗಿಸಬಲ್ಲದು. ಇದನ್ನು ಅಷ್ಟು ಸುಲಭವಾಗಿ ಕರಗಿಸಲಾರದು. ಬೆಳೆಯೆಂಬ ಆಜ್ಞೆ ನಿಲ್ಲದೆ ಬಂದು ಗಿಡ ತಿರುಚಿಕೊಂಡು, ಎಲೆ ಸುರುಟಿ ಸಾಯುತ್ತದೆ. ಹುಲ್ಲಿನ ಜಾತಿಯ ಜೋಳ, ಕಬ್ಬುಗಳು ಇದನ್ನು ತಾಳಿಕೊಳ್ಳುತ್ತವೆ, ಅಗಲ ಎಲೆಯ ತೊಗರಿ, ಕಡಲೆ, ಹತ್ತಿ ತಾಳವು. ಆದ್ದರಿಂದ ಜೋಳದ ಹೊಲಕ್ಕೆ ಹೊಡೆದ ಔಷಧಿ ಗಾಳಿಗೆ ಹಾರಿ ಬದುವಿನಾಚೆಯ ತೊಗರಿಗೆ ಬಿದ್ದರೆ ಅಥವಾ ಅದೇ ಪಂಪನ್ನು ಸರಿಯಾಗಿ ತೊಳೆಯದೆ ತೊಗರಿಗೆ ಬಳಸಿದರೆ ಕೇಡು ತಪ್ಪದು. ಅಕ್ಕಡಿ ಸಾಲಿನಲ್ಲಿ ಜೋಳವನ್ನೂ ತೊಗರಿಯನ್ನೂ ಒಟ್ಟಿಗೆ ಬೆಳೆಯುವ ಹಳೆಯ ಪದ್ಧತಿಯೊಡನೆ ಈ ಔಷಧಿ ಹೊಂದುವುದೇ ಇಲ್ಲ.

ಯಂತ್ರದ ವಿಷಯ ಬೇರೆ. ಕೂಲಿಯ ಅಭಾವವಿರುವಲ್ಲಿ ಕುಡಿ ಕತ್ತರಿಸುವ ಯಂತ್ರವನ್ನು ಹಳಿಯುವುದು ನ್ಯಾಯವಲ್ಲ. ಎಕರೆಗಟ್ಟಲೆ ತೊಗರಿಯನ್ನು ಉಗುರಿನಿಂದ ಚಿವುಟಿಸುವುದು ಯಾರಿಗೂ ಸಾಧ್ಯವಿಲ್ಲ. ಆದರೆ ಯಂತ್ರ ಒಂದು ಎತ್ತರವನ್ನಷ್ಟೇ ಅರಿಯುತ್ತದೆ. ಮಳೆ ಕೈಕೊಟ್ಟು ಬಾಡಿದ ಗಿಡವನ್ನು, ತಡವಾಗಿ ಹುಟ್ಟಿದ ಕುಂಠಿತ ಗಿಡವನ್ನು, ತುದಿಯಲ್ಲಿ ಆಗಲೇ ಮೊಗ್ಗು ಕಟ್ಟಿದ ಗಿಡವನ್ನು ಬಿಟ್ಟು ಮುಂದೆ ಹೋಗುವ ವಿವೇಕ ಬೆರಳಿನದು. ಯಂತ್ರ ಹಿಡಿದವರಿಗೆ ಆ ಬೆರಳಿನ ಕಟ್ಟಳೆಗಳನ್ನು ಕಲಿಸುವ ಕೆಲಸ ಕೃಷಿ ಇಲಾಖೆಯದಷ್ಟೇ ಅಲ್ಲ, ಅವುಗಳನ್ನು ದಾಖಲಿಸಬೇಕಾದ ಜಾನಪದ ಅಧ್ಯಯನದ್ದೂ ಹೌದು. ಯಾವ ಗಿಡ ಬಿಡಬೇಕು, ಎಷ್ಟು ಎಲೆ ಉಳಿಸಬೇಕು, ಬೆಳಗಿನ ಇಬ್ಬನಿಯಲ್ಲಿ ಹೊಲ ಇಳಿಯಬಹುದೆ ಎಂಬಂಥ ಪ್ರಶ್ನೆಗಳಿಗೆ ಸೇಡಂನಲ್ಲಿ ಒಂದು, ಚಿಂಚೋಳಿಯಲ್ಲಿ ಒಂದು ಉತ್ತರ ದೊರೆತರೆ ಆ ವ್ಯತ್ಯಾಸವೇ ಮಣ್ಣಿನ ಬಗೆ, ತಳಿಯ ಬಗೆಗಳನ್ನು ಕುರಿತ ಒಂದು ನಕ್ಷೆಯಾದೀತು.

ಕಡ್ಲಿ ಪಲ್ಯೆಯ ಸ್ಥಿತಿ ಇದಕ್ಕಿಂತ ನಾಜೂಕು. ಕೀಟನಾಶಕವಾಗಲಿ ಕಳೆನಾಶಕವಾಗಲಿ ಬಿದ್ದ ಹೊಲದ ಕುಡಿಯನ್ನು ಉಣ್ಣಲಾಗದು. ಸಿಂಪಡಣೆ ಹೂ ಬಿಡುವ ಮೊದಲೇ ಆರಂಭವಾದ ಹೊಲಗಳಲ್ಲಿ ಹೆಣ್ಣುಮಕ್ಕಳು ಉಡಿ ಕಟ್ಟಿ ಇಳಿಯುವ ಅವಧಿಯೇ ಇಲ್ಲವಾಗುತ್ತದೆ. ಅಡುಗೆಯ ನೆಪ ಹೋದರೆ ಚಿವುಟುವಿಕೆ ಹೋಗುತ್ತದೆ. ಅದಕ್ಕೆ ಪ್ರತಿಯಾಗಿ ಟೊಂಗೆ ಒಡೆಸುವ ಇನ್ನೊಂದು ಟಾನಿಕ್ ಅಂಗಡಿಯಿಂದ ಬರುತ್ತದೆ. ಹೊಲದ ಒಂದು ಮೂಲೆಯ ನಾಲ್ಕಾರು ಸಾಲನ್ನು ಔಷಧಿ ಮುಟ್ಟಿಸದೆ ಪಲ್ಯೆಗೆಂದು ಬಿಡುವುದೂ, ಆ ಸಾಲುಗಳ ಕಾಯಿಯನ್ನು ಉಳಿದ ಸಾಲುಗಳ ಕಾಯಿಯೊಡನೆ ಎಣಿಸಿ ನೋಡುವುದೂ ಯಾವ ರೈತನಿಗೂ ಖರ್ಚಿನ ಬಾಬಲ್ಲ.